ಗಾಳದ ಕಲ್ಲು

ವಿಜಯನಗರದ ಅರಸರ ಕಾಲದಲ್ಲಿ ಹಂಪೆಯ ದೇವಾಲಯಗಳಿಗೆ ಇಲ್ಲಿಂದ ಹಡಗುಗಳಲ್ಲಿ ಹೂವು ಹೋಗುತ್ತಿತ್ತೆಂದೂ, ಅದರಿಂದಲೇ ಹೂವಿನಹಡಗಲಿ ಎಂಬ ಹೆಸರು ಬಂದಿತೆಂದೂ ನಮ್ಮ ಕಡೆಯ ಹಿರಿಯರು ಹೇಳುವುದುಂಟು. ಆ ಹೂವನ್ನು ಹೊತ್ತ ತುಂಗಭದ್ರೆ ಎಷ್ಟೋ ಸಂಸಾರಗಳನ್ನೂ ಹೊತ್ತಿದ್ದಾಳೆ. ಇದನ್ನು ನನಗೆ ತಿಳಿಸಿಕೊಟ್ಟವನು ನನ್ನ ಒಬ್ಬ ವಿದ್ಯಾರ್ಥಿ.

೧೯೮೬ರಲ್ಲಿ ನಾನು ಈ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಒಂಬತ್ತನೆಯ ತರಗತಿಯಲ್ಲಿ ಹೊಳೆದಂಡೆಯ ಹಳ್ಳಿಯ ಹುಡುಗನೊಬ್ಬನಿದ್ದ. ವಾರಕ್ಕೆ ಮೂರು ದಿನವಾದರೂ ತಡವಾಗಿ ಬರುತ್ತಿದ್ದ. ಕಾರಣ ಕೇಳಿದರೆ ತಲೆ ತಗ್ಗಿಸಿ ನಿಲ್ಲುವನೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ಸಿಟ್ಟು ಬಂದು, ಕೈ ನೀಡೆಂದು ಬೆತ್ತವೆತ್ತಿದೆ. ಅವನು ಕೈ ನೀಡಿದ. ಅಂಗೈ ತುಂಬ ದಾರ ಕೊಯ್ದ ಗೆರೆಗಳು! ಎತ್ತಿದ ಬೆತ್ತ ತಾನಾಗಿ ಕೆಳಗಿಳಿಯಿತು.

ಆ ಶನಿವಾರ ಸಂಜೆ ಮದಲಗಟ್ಟಿಯ ಬಳಿ ಹೊಳೆಗೆ ಹೋದೆ. ಹುಡುಗನ ತಂದೆ ಹಾಸಿಗೆ ಹಿಡಿದಿದ್ದರು. ಗಾಳ ಹಾಕುವ ಹೊಣೆ ಮಗನ ಮೇಲೆ ಬಿದ್ದಿತ್ತು. ಅವನು ಬಯಸುತ್ತಿದ್ದುದು ಬಾಳೆಮೀನನ್ನು. ಹುರುಪೆಯಿಲ್ಲದ ಮೈ, ಅಗಲವಾದ ಬಾಯಿ, ಉದ್ದ ಮೀಸೆಯ ಆ ಮೀನು ಹಗಲೆಲ್ಲ ತಳದಲ್ಲಿ ಅಡಗಿದ್ದು ಕತ್ತಲಲ್ಲಿ ಬೇಟೆಗೆ ಹೊರಡುತ್ತದೆ. ಬೆಂಡು ಕಟ್ಟಿದ ಗಾಳ ಮೇಲೆಯೇ ತೇಲುವುದರಿಂದ ಅದಕ್ಕೆ ಎಟುಕದು.

ಹುಡುಗ ದಾರದ ತುದಿಗೆ ಹೊಳೆಯ ಕಲ್ಲೊಂದನ್ನು ಕಟ್ಟಿದ. ಅದಕ್ಕಿಂತ ಗೇಣು ಮೇಲೆ ಕವಲು ದಾರದಲ್ಲಿ ಗಾಳವಿತ್ತು. ಕಲ್ಲು ತಳದಲ್ಲಿ ಕೂತರೂ ಎರೆ ಕೆಸರಿನಲ್ಲಿ ಹೂತುಹೋಗದೆ ಮೀನಿನ ಕಣ್ಣಿಗೆ ಬೀಳುವ ಉಪಾಯವಿದು. ದಾರವನ್ನು ಬೆರಳ ಮೇಲೆ ಹಾಯಿಸಿ, ಮೆಲ್ಲಗೆ ಎಳೆದು, "ಹಿಡೀರಿ ಸರ" ಎಂದ. ಕಲ್ಲು ತಳವನ್ನು ತಾಕಿದಂತೆಲ್ಲ ಬೆರಳಿಗೆ ತಿಳಿಯುತ್ತಿತ್ತು: ಗರಸಿನಲ್ಲಿ ಟಕಟಕ ಎನ್ನುವುದು, ಕೆಸರಿನಲ್ಲಿ ಮೆತ್ತಗಾಗುವುದು. ಕಾಣದ ಹೊಳೆಯ ತಳವನ್ನು ಆ ಬಾಲಕ ಬೆರಳಿನಿಂದಲೇ ಓದುತ್ತಿದ್ದ!

ಕಲ್ಲು ಬಂಡೆಯ ಸಂದಿಗೆ ಸಿಕ್ಕಿತು. ಗಾಳವೂ ಹೋಯಿತೆಂದುಕೊಂಡೆ. ಅವನು ನಿಧಾನವಾಗಿ ಎಳೆದ. ಪಟ್ಟೆಂದು ಏನೋ ಹರಿಯಿತು. ಗಾಳ ಮಾತ್ರ ಕೈಗೆ ಬಂತು. ಕಲ್ಲನ್ನು ಬೇಕೆಂದೇ ಹಳೆಯ ನೂಲಿನಿಂದ ಕಟ್ಟಿದ್ದನಂತೆ.

"ಸೀಸದ ಗುಂಡು ಯಾಕೆ ಕಟ್ಟಲಿಲ್ಲವೋ?" ಎಂದೆ.

"ಅದಕ್ಕ ರೊಕ್ಕ ಬೇಕು, ಸರ. ಕಲ್ಲು ಹೊಳೀದು, ಹೊಳಿಗೇ ಹೋತು. ಗಾಳ ಉಳೀತು" ಎಂದು ನಕ್ಕ. ಸೀಸವು ನೀರುಹಕ್ಕಿಗಳಿಗೆ ವಿಷವೆಂದು ನಾನು ಓದಿ ತಿಳಿದದ್ದು ಬಹಳ ವರ್ಷಗಳ ಅನಂತರ.

ಸೋಮವಾರ ಆ ದಾರ, ಆ ಗಾಳ ತರಗತಿಗೆ ಬಂದವು. ಬಾಯಿಲ್ಲದವನೆಂದು ನಾನು ಬಗೆದಿದ್ದ ಹುಡುಗ ಅರ್ಧ ಗಂಟೆ ಮಾತಾಡಿದ. ಮುಂಗಾರಿನ ಹೊಸ ನೀರಿಗೆ ಮೊಟ್ಟೆ ಹೊತ್ತು ಬರುವ ಮೀನಿಗೆ ಅಪ್ಪ ಗಾಳ ಹಾಕುವುದಿಲ್ಲವೆಂಬುದನ್ನೂ ಹೇಳಿದ. ಇಂದು ಬಾಳೆಮೀನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಯಲ್ಲಿ ಸೇರಿರುವುದನ್ನು ನೋಡಿದಾಗ ಆ ತಂದೆಯ ವಿವೇಕ ನೆನಪಾಗುತ್ತದೆ.

ಅಂದಿನಿಂದ ಅವನಿಗೆ ಬೆಳಗಿನ ಮೊದಲ ಪಾಠವನ್ನು ಸಂಜೆ ಬೇರೆಯಾಗಿ ಹೇಳಿಕೊಟ್ಟೆ. ಆದರೂ ಸಾಲ ತೀರಿತೆಂದು ನನಗೆ ಅನ್ನಿಸಿಲ್ಲ. ಅವನು ಕೊಟ್ಟ ಹೊಳೆಗಲ್ಲೊಂದು ಇಂದಿಗೂ ನನ್ನ ಮೇಜಿನ ಮೇಲಿದೆ. ಯಾರನ್ನಾದರೂ ದಂಡಿಸಬೇಕೆನಿಸಿದಾಗ ಅದನ್ನು ಕೈಗೆತ್ತಿಕೊಳ್ಳುತ್ತೇನೆ. ಮೇಲಿನ ನೀರನ್ನಷ್ಟೇ ನೋಡಿ ಹೊಳೆಯನ್ನು ಅಳೆಯಬಾರದೆಂದು ಅದು ನನಗೆ ನೆನಪಿಸುತ್ತದೆ.