ಅಚ್ಚುಮೊಳೆಯಿಂದ ಮೊಬೈಲಿಗೆ



ನಮ್ಮ ಸಂಘದ ಯುವ ವಿಭಾಗದವರು ನನ್ನನ್ನೂ ತಮ್ಮ ವಾಟ್ಸಾಪ್ ಬಳಗಕ್ಕೆ ಸೇರಿಸಿಕೊಂಡು ಎರಡು ವರ್ಷವಾಯಿತು. ಅಲ್ಲಿ ಬರುವ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ. ಕಳೆದ ಜೂನ್‌ನಲ್ಲಿ ಊರಿಗೆ ಹೋಗಿದ್ದ ಹುಡುಗನೊಬ್ಬ 'ಊರಲ್ಲಿ ತುಂಬಾ' ಎಂದು ಆರಂಭಿಸಿ ಎಂ, ಎ, ಎಲ್, ಇ ಎಂಬ ನಾಲ್ಕು ಅಕ್ಷರ ಹಾಕಿದ್ದ. ಇದನ್ನು ಮಳೆ ಎಂದು ಓದಬೇಕೋ, ಮಲೆ ಎಂದೋ, ಮಾಲೆ ಎಂದೋ? ಇಂಗ್ಲಿಷಿನವನು ಓದಿದರೆ ಊರಲ್ಲಿ ಗಂಡಸರು ಹೆಚ್ಚಾಗಿದ್ದಾರೆ ಎಂದುಕೊಂಡಾನು! ಹುಡುಗನ ಭಾವ ನಮಗೆ ತಲುಪಿತು ಅನ್ನಿ. ಆದರೂ ಮಳೆಗೆ ಇರುವ ಆ 'ಳ' ನಮ್ಮ ಊರಿನ ಸೂರಿನಿಂದ ಇಳಿಯುವ ನೀರಿನ ಸದ್ದಿನಂತೆಯೇ ಇದೆಯಲ್ಲ, ಅದನ್ನು ಬಿಟ್ಟರೆ ಅರ್ಧ ಮಳೆ ನಿಂತಂತೆಯೇ ಸರಿ.

ದೂರು ಹೇಳಲಿಕ್ಕೆ ನಾನು ಪೆನ್ನು ಹಿಡಿದವನಲ್ಲ. ಮನೆಯಲ್ಲಿ ತುಳುವೋ ಕನ್ನಡವೋ, ಶಾಲೆಯಲ್ಲಿ ಇಂಗ್ಲಿಷು, ರಿಕ್ಷಾದವನ ಜೊತೆ ಹಿಂದಿ, ತರಕಾರಿಯವಳ ಜೊತೆ ಮರಾಠಿ, ಹೀಗೆ ದಿನಕ್ಕೆ ನಾಲ್ಕು ಭಾಷೆಯಲ್ಲಿ ಓಡಾಡುವ ನಿಮಗೆ ಲಿಪಿಯೊಂದು ಭಾರವೆನಿಸಿದರೆ ಅಚ್ಚರಿಯೇನೂ ಇಲ್ಲ. ಆದರೆ ನಿಮ್ಮ ಕೈಯಲ್ಲಿರುವ ಆ ಮೊಬೈಲಿನೊಳಗೆ ಕನ್ನಡದ ಅಕ್ಷರಗಳು ಬಂದು ಕುಳಿತದ್ದು ಹೇಗೆ, ಅದರಲ್ಲಿ ನಮ್ಮ ಈ ಮುಂಬಯಿಯ ಪಾಲೆಷ್ಟು ಎಂಬ ಕಥೆಯನ್ನು ನಿಮಗೆ ಯಾರೂ ಹೇಳಿರಲಾರರು.

ಮೊದಲು ಸೀಸದ ಕಾಲ. ಸಂಘಗಳ ವಾರ್ಷಿಕ ಸಂಚಿಕೆಗಳು ತೊಂಬತ್ತರ ದಶಕದ ಆರಂಭದವರೆಗೂ ಅಚ್ಚುಮೊಳೆಯಲ್ಲಿ ಮುದ್ರಣವಾಗುತ್ತಿದ್ದವು. ಬೊಂಬಾಯಿಯಲ್ಲಿ ಕನ್ನಡ ಮೊಳೆಗಳಿದ್ದ ಮುದ್ರಣಾಲಯಗಳು ಬೆರಳೆಣಿಕೆಯವು. ಕಾಂಜೂರ್‌ಮಾರ್ಗದಲ್ಲಿ ಲೋಕಲ್ ಹಿಡಿದು, ಲೇಖನಗಳ ಕಟ್ಟನ್ನು ಎದೆಗವಚಿಕೊಂಡು, ದಾದರಿನ ಗರ್ದಿಯಲ್ಲಿ ಇಳಿದು ಪ್ರೆಸ್ಸಿಗೆ ಹೋಗುವುದು ನನ್ನ ಕೆಲಸ. ಅಲ್ಲಿ ಮೊಳೆ ಜೋಡಿಸುವವರು ದಕ್ಷಿಣ ಕನ್ನಡದವರೊಬ್ಬರು, ಏಳನೆಯ ಇಯತ್ತೆಯ ತನಕ ಓದಿದವರು. ಖಾನೆಖಾನೆಯ ಮರದ ಕೇಸಿನ ಮುಂದೆ ನಿಂತು ಒಂದೊಂದೇ ಅಕ್ಷರವನ್ನು ತಲೆಕೆಳಗಾಗಿ ಹೆಕ್ಕಿ ಜೋಡಿಸುತ್ತಿದ್ದರು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ, ದೊಡ್ಡದು ಚಿಕ್ಕದು ಸೇರಿ ಐವತ್ತೆರಡು. ನಮ್ಮದಕ್ಕೋ, ಗುಣಿತಾಕ್ಷರ, ಒತ್ತು, ಕೊಂಬು, ದೀರ್ಘ ಎಂದು ನೂರಾರು ಮೊಳೆಗಳು. ನಮ್ಮ ಸಂಚಿಕೆಯಲ್ಲಿ 'ಮಹಾರಾಷ್ಟ್ರ' ಎಂಬ ಪದ ಪುಟಕ್ಕೆ ಐದಾರು ಸಲ ಬಂದೇ ಬರುತ್ತಿತ್ತು. ನಾಲ್ಕು ಪುಟ ಮುಗಿಯುವಷ್ಟರಲ್ಲಿ ಕೇಸಿನಲ್ಲಿದ್ದ ಟಕಾರ-ರಕಾರದ ಒತ್ತುಗಳೆಲ್ಲ ಖಾಲಿ. "ಇನ್ನು ಈ ಪುಟಗಳು ಅಚ್ಚಾಗಿ, ಮೊಳೆ ಬಿಚ್ಚಿ ಖಾನೆಗೆ ಹಾಕಿದ ಮೇಲೆಯೇ ಮುಂದಿನದು, ನಿಮ್ಮ ಲೇಖಕರಿಗೆ ಸ್ವಲ್ಪ ಮಹಾರಾಷ್ಟ್ರ ಕಡಿಮೆ ಮಾಡಲಿಕ್ಕೆ ಹೇಳಿ" ಎನ್ನುತ್ತಿದ್ದರು ಅವರು. ಮಹಾರಾಷ್ಟ್ರದಲ್ಲಿ ಕೂತು ಮಹಾರಾಷ್ಟ್ರ ಕಡಿಮೆ ಮಾಡುವುದು ಹೇಗೆ?

ಆಮೇಲೆ ಕಂಪ್ಯೂಟರ್ ಬಂತು. ಸೀಸ ಹೋಯಿತು, ಕೈಯ ಮಸಿ ಹೋಯಿತು. ಬಂದದ್ದು ಇನ್ನೊಂದು ತಾಪತ್ರಯ. ಆ ದಿನಗಳ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲೇ ನಮ್ಮ ಅಕ್ಷರದ ತುಂಡುಗಳನ್ನು ಕೂರಿಸುತ್ತಿದ್ದವು. ಒಬ್ಬೊಬ್ಬರು ಒಂದೊಂದು ರೀತಿ ಕೂರಿಸಿದ್ದರಿಂದ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ. ತೆರೆದರೂ ಕಾಣುವುದು ಟೊಪ್ಪಿಗೆ ಹಾಕಿದ ಫ್ರೆಂಚ್ ಅಕ್ಷರಗಳ ಸಂತೆ. ಕಳೆದ ವರ್ಷ ನಮ್ಮ ಕಪಾಟು ಶುಚಿ ಮಾಡುವಾಗ 1998ರ ಸಂಚಿಕೆಯ ಫ್ಲಾಪಿಗಳು ಸಿಕ್ಕಿದವು. ಫ್ಲಾಪಿ ಓದುವ ಯಂತ್ರವನ್ನು ಹೇಗೋ ಹುಡುಕಿ ಹಾಕಿದರೆ, ಕಡತವೇನೋ ತೆರೆಯಿತು, ಕನ್ನಡದ ಒಂದಕ್ಷರವೂ ಇಲ್ಲ. ಅದೇ ಕಪಾಟಿನಲ್ಲಿ ಗೆದ್ದಲು ಮೂಲೆ ತಿಂದ 1987ರ ಮೊಳೆಮುದ್ರಣದ ಸಂಚಿಕೆ ಮಾತ್ರ ಚೆನ್ನಾಗಿಯೇ ಓದಿಸಿಕೊಂಡಿತು.

ಈ ಗೊಂದಲವನ್ನು ಬಿಡಿಸಲು ಕೈಹಾಕಿದವರಲ್ಲಿ ಮೊದಲಿಗೆ ನೆನೆಯಬೇಕಾದವರು ಕೆ.ಪಿ. ರಾವ್, ಅಂದರೆ ಕಿನ್ನಿಕಂಬಳ ಪದ್ಮನಾಭ ರಾವ್. ಮಂಗಳೂರಿನ ಬಳಿಯ ಹಳ್ಳಿಯವರು. ನಿಮ್ಮ ಅಜ್ಜಂದಿರ ಹಾಗೆ ಇವರೂ ಕೆಲಸಕ್ಕಾಗಿ ಬೊಂಬಾಯಿಗೆ ಬಂದವರೇ. ಆದರೆ ಸೇರಿದ್ದು ಹೋಟೆಲಿಗಲ್ಲ, ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ. ಸಿಂಧೂ ಲಿಪಿಯ ಅಧ್ಯಯನಕ್ಕೆ ಗಣಕಯಂತ್ರ ಬಳಸುವ ಕೆಲಸದಲ್ಲೂ ಅವರ ಕೈಯಿತ್ತು. ಆಮೇಲೆ ಟಾಟಾ ಪ್ರೆಸ್, ಮೋನೋಟೈಪ್ ಎಂದು ಅಕ್ಷರ ಜೋಡಣೆಯ ಉದ್ಯಮದಲ್ಲೇ ದುಡಿದರು. ಇಂಗ್ಲಿಷಿನ ಕೀಲಿಮಣೆಯಲ್ಲೇ, ಹೊಸ ಕೀಲಿ ಒಂದೂ ಸೇರಿಸದೆ, ಉಚ್ಚಾರಣೆಯನ್ನು ಅನುಸರಿಸಿ ಇಡೀ ಕನ್ನಡವನ್ನು ಬೆರಳಚ್ಚಿಸುವ ವಿನ್ಯಾಸ ಅವರದು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದರೆ ಖ. ಒತ್ತಕ್ಷರ ಬೇಕಾದಲ್ಲಿ ನಡುವೆ ಎಫ್. 'ಕನ್ನಡ' ಎಂದು ಬರೆಯಲು ಐದೇ ಕೀಲಿ: ಕೆ, ಎನ್, ಎಫ್, ಎನ್, ಡಬ್ಲ್ಯು. ನಮ್ಮ ಕೇಸಿನ ನೂರಾರು ಖಾನೆಗಳು ಇಪ್ಪತ್ತಾರು ಗುಂಡಿಗಳಿಗೆ ಇಳಿದವು! ತಮ್ಮ ತಂತ್ರಾಂಶಕ್ಕೆ ಛಂದಸ್ಸಿನ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ 'ಸೇಡಿಯಾಪು' ಎಂದು ಹೆಸರಿಟ್ಟು ಜನರಿಗೆ ಪುಕ್ಕಟೆಯಾಗಿ ಕೊಟ್ಟರು. ಮುಂದೆ ಬೆಂಗಳೂರಿನ ಕನ್ನಡ ಗಣಕ ಪರಿಷತ್ತಿನವರು ಸಿದ್ಧಪಡಿಸಿದ 'ನುಡಿ'ಯಲ್ಲಿಯೂ ಇದೇ ವಿನ್ಯಾಸ, ಕರ್ನಾಟಕ ಸರ್ಕಾರ ಒಪ್ಪಿದ್ದೂ ಇದನ್ನೇ.

ಇನ್ನು ನಮ್ಮ ಪವಾಯಿಗೆ ಬರುತ್ತೇನೆ. ಆದಿಶಂಕರಾಚಾರ್ಯ ಮಾರ್ಗದಲ್ಲಿ ಬಸ್ಸಿನ ಕಿಟಕಿಯಿಂದ ನೀವು ದಿನವೂ ನೋಡುವ ಐಐಟಿಯ ಆವರಣದಲ್ಲಿ 1969ರಲ್ಲಿ ಇಂಡಸ್ಟ್ರಿಯಲ್ ಡಿಸೈನ್ ಸೆಂಟರ್ ಎಂಬ ಹೆಸರಿನಲ್ಲಿ ಆರಂಭವಾದ ವಿಭಾಗವಿದೆ. 1983ರಿಂದ 1996ರವರೆಗೆ ಅಲ್ಲಿ ಅಕ್ಷರ ವಿನ್ಯಾಸ ಕಲಿಸಿದವರು ಆರ್.ಕೆ. ಜೋಶಿ. ಮರಾಠಿಯವರು, ಕವಿ, ಸುಂದರ ಬರವಣಿಗೆಯ ಕಲಾವಿದರು. ಅದಕ್ಕೂ ಮೊದಲು ಉಲ್ಕಾ ಎಂಬ ಜಾಹೀರಾತು ಸಂಸ್ಥೆಯಲ್ಲಿದ್ದವರು. ಐಐಟಿಯ ಬಳಿಕ ಜುಹೂವಿನ ಎನ್‌ಸಿಎಸ್‌ಟಿ ಸೇರಿದರು. ಮೈಕ್ರೋಸಾಫ್ಟಿನವರು ಭಾರತೀಯ ಲಿಪಿಗಳನ್ನು ವಿಂಡೋಸಿಗೆ ಸೇರಿಸಿದಾಗ ಅಕ್ಷರ ಬರೆಸಿದ್ದು ಇವರ ಬಳಗದಿಂದ. ದೇವನಾಗರಿಗೆ 'ಮಂಗಲ್', ಕನ್ನಡಕ್ಕೆ 'ತುಂಗಾ'. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ, ಯಾವ ತಂತ್ರಾಂಶವನ್ನೂ ಬೇರೆಯಾಗಿ ಹಾಕದೆ ಪರದೆಯ ಮೇಲೆ ಕನ್ನಡ ಕಂಡದ್ದು ಆ ತುಂಗಾ ಅಕ್ಷರದಲ್ಲಿ. ಶೃಂಗೇರಿಯ ಹೊಳೆಯ ಹೆಸರಿನ ಕನ್ನಡ ಅಕ್ಷರವನ್ನು ರೂಪಿಸಿದವರು ಮುಂಬಯಿಯ ಮರಾಠಿಗರು! ಗಡಿಯ ವಿಷಯದಲ್ಲಿ ವರ್ಷಕ್ಕೊಮ್ಮೆ ಬಸ್ಸಿಗೆ ಮಸಿ ಬಳಿಯುವ ಎರಡೂ ಕಡೆಯ ಮಹನೀಯರಿಗೆ ಈ ಸಂಗತಿ ಗೊತ್ತಿದ್ದರೆ ಒಳ್ಳೆಯದಿತ್ತು. ಜೋಶಿಯವರು 2008ರಲ್ಲಿ ತೀರಿಕೊಂಡರು.

ಜೊತೆಗೆ ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತು. ಜಗತ್ತಿನ ಪ್ರತಿ ಅಕ್ಷರಕ್ಕೂ ಒಂದೊಂದು ಅಂಕೆ, ನಮ್ಮ 'ಕ'ಕ್ಕೆ 3221. ಈಗ ಪವಾಯಿಯಿಂದ ಕಳಿಸಿದ 'ಕ' ಕುವೈತಿನಲ್ಲಿಯೂ 'ಕ'ವೇ.

ಆದರೆ ಮೊದಲ ಆವೃತ್ತಿಗೂ ಎಕ್ಸ್‌ಪಿಗೂ ನಡುವೆ ಹತ್ತು ವರ್ಷ ಏಕೆ ಹಿಡಿಯಿತು? ಇಲ್ಲಿ ಅರ್ಥಶಾಸ್ತ್ರ ಬರುತ್ತದೆ. ಅದೇ 1991ರ ಜುಲೈಯಲ್ಲಿ ನಮ್ಮ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಇಂಗ್ಲೆಂಡ್ ಮತ್ತು ಜಪಾನಿನ ಕೇಂದ್ರ ಬ್ಯಾಂಕುಗಳಲ್ಲಿ ಅಡವಿಟ್ಟು ಡಾಲರ್ ಸಾಲ ತಂದಿತ್ತು. ಆ ಚಿನ್ನ ವಿಮಾನ ಹತ್ತಿದ್ದು ನಮ್ಮ ಮುಂಬಯಿಯಲ್ಲೇ. ಮನೆಯ ಹೆಂಗಸರ ಬಳೆ ಅಡವಿಟ್ಟ ಅನುಭವವಿದ್ದವರಿಗೆಲ್ಲ ಅದರ ಸಂಕಟ ಅರ್ಥವಾಯಿತು. ದೇಶಕ್ಕೆ ಡಾಲರ್ ಬೇಕಿತ್ತು, ಡಾಲರ್ ತರುವ ಕೆಲಸಕ್ಕೆ ಮರ್ಯಾದೆ ಬಂತು. ಇದೇ ಪವಾಯಿಯ ಐಐಟಿಯಲ್ಲಿ 1978ರಲ್ಲಿ ಓದು ಮುಗಿಸಿದ ನಂದನ್ ನಿಲೇಕಣಿಯವರೂ, ಅವರ ಹಿರಿಯ ಒಡನಾಡಿ ನಾರಾಯಣ ಮೂರ್ತಿಯವರೂ ಮತ್ತಿತರರೂ 1981ರಲ್ಲಿ ಆರಂಭಿಸಿದ ಇನ್ಫೋಸಿಸ್ 1999ರಲ್ಲಿ ಅಮೆರಿಕದ ನಾಸ್ಡಾಕ್ ಪೇಟೆಯನ್ನೇ ಮುಟ್ಟಿತು. ಬೆಂಗಳೂರಿನಲ್ಲಿ ಕೂತು ನಮ್ಮ ಹುಡುಗರು ಪರದೇಶದ ಬ್ಯಾಂಕುಗಳಿಗೆ ಲೆಕ್ಕ ಬರೆದುಕೊಟ್ಟರು. ಕನ್ನಡದ ಅಕ್ಷರಕ್ಕೆ ಡಾಲರ್ ಕೊಡುವ ಗಿರಾಕಿ ಇರಲಿಲ್ಲ, ಆದ್ದರಿಂದ ಆ ಕೆಲಸ ಬಹುಕಾಲ ಹವ್ಯಾಸಿಗಳ, ಹುಚ್ಚರ ಪಾಲಿಗೇ ಉಳಿಯಿತು. ಇದರಲ್ಲಿ ಕಂಪನಿಗಳನ್ನು ಬೈಯುವುದರಲ್ಲಿ ಅರ್ಥವಿಲ್ಲ, ಅಂಗಡಿಯವನು ಕೇಳುವವರಿದ್ದ ಸಾಮಾನನ್ನೇ ತಾನೇ ಇಡುವುದು? ಮೊಬೈಲಿನಲ್ಲಿ ಕನ್ನಡ ಬಂದದ್ದೂ ಹಳ್ಳಿಹಳ್ಳಿಯಲ್ಲಿ ಮೊಬೈಲ್ ಕೊಳ್ಳುವವರು ಬಂದ ಮೇಲೆಯೇ.

ಸಿನೆಮಾದಲ್ಲೂ ಇದೇ ಗಿರಾಕಿಯ ಮಾತು. ಅನ್ಯಭಾಷೆಯ ಚಿತ್ರಗಳು ಕನ್ನಡಕ್ಕೆ ಡಬ್ ಆಗಿ ಬಂದರೆ ನಮ್ಮ ಚಿತ್ರರಂಗ ಮುಳುಗಿತು ಎಂದು ದಶಕಗಳ ಕಾಲ ಬಾಗಿಲು ಹಾಕಿಕೊಂಡಿದ್ದರು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ಸರಿಯಲ್ಲ ಎಂದಿತು. ಆಮೇಲೆ ನಡೆದದ್ದು ಉಲ್ಟಾ. 2018ರಲ್ಲಿ 'ಕೆ.ಜಿ.ಎಫ್', 2022ರಲ್ಲಿ ಅದರ ಎರಡನೆಯ ಭಾಗ, ಅದೇ ವರ್ಷ 'ಕಾಂತಾರ', ಎಲ್ಲವೂ ಹಿಂದಿಗೆ ಡಬ್ ಆಗಿ ದೇಶ ಸುತ್ತಿದವು. ನಿಮ್ಮಲ್ಲಿ ಎಷ್ಟೋ ಮಂದಿ ಘಾಟ್ಕೋಪರಿನ ಮಾಲಿನಲ್ಲಿ 'ಕಾಂತಾರ'ವನ್ನು ಹಿಂದಿಯಲ್ಲೇ ನೋಡಿ, ಗೆಳೆಯರ ಮುಂದೆ 'ಇದು ನಮ್ಮ ಊರಿನ ಕೋಲ' ಎಂದು ಹೆಮ್ಮೆಪಟ್ಟವರು. ನನಗೂ ಸಂತೋಷವೇ. ಆದರೆ ಒಂದು ಮಾತು: ಸಿನೆಮಾ ಕಿವಿಯ ಭಾಷೆಯನ್ನು ಉಳಿಸೀತು, ಕಣ್ಣಿನ ಭಾಷೆಯನ್ನು ಅದು ಕಲಿಸಲಾರದು.

ಇದು ಬರಿಯ ಅಭಿಮಾನದ ಮಾತಲ್ಲ ಎಂಬುದಕ್ಕೆ ಒಂದು ಸಂಗತಿ ಹೇಳುತ್ತೇನೆ. ನಮ್ಮ ಕಟ್ಟಡದ ಹುಡುಗಿಯೊಬ್ಬಳು, ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿರುವವಳು, ಒಂದು ಭಾನುವಾರ ಪ್ಲಾಸ್ಟಿಕ್ ಚೀಲ ಹಿಡಿದು ಬಂದಳು. ಊರಿನಲ್ಲಿ ಅವಳ ಅಜ್ಜಿ ತೀರಿಕೊಂಡಿದ್ದರು. ಟ್ರಂಕಿನಲ್ಲಿ ಅಜ್ಜ ಬೊಂಬಾಯಿಯಿಂದ ಬರೆದ ಇನ್‌ಲ್ಯಾಂಡ್ ಪತ್ರಗಳ ಕಟ್ಟು ಸಿಕ್ಕಿತ್ತು. ಮನೆಮಾತು ತುಳು, ಪತ್ರ ಮಾತ್ರ ಕನ್ನಡದಲ್ಲಿ, ನಮ್ಮ ಕಡೆ ಹಾಗೆಯೇ. ಮೊಬೈಲಿನ ಕ್ಯಾಮರಾ ಹಿಡಿದು ನೋಡಿದ್ದಳಂತೆ. ಅಂಗಡಿಯ ಬೋರ್ಡು ಓದುವ ಅದು ಅಜ್ಜನ ಕೈಬರಹದ ಮುಂದೆ ಏನೇನೋ ತೊದಲಿತಂತೆ.

"ಅಂಕಲ್, ಸ್ವಲ್ಪ ಓದಿ ಹೇಳ್ತೀರಾ?"

ಓದಿದೆ. ಮೇಲಿನ ಪತ್ರ 1982ರದು. ಆ ಜನವರಿ 18ರಂದು ಗಿರಣಿ ಕಾರ್ಮಿಕರ ಮುಷ್ಕರ ಶುರುವಾಗಿತ್ತು, ಸುಮಾರು ಎರಡೂವರೆ ಲಕ್ಷ ಮಂದಿ ಕೆಲಸ ಬಿಟ್ಟಿದ್ದರು. ಅಜ್ಜ ಇದ್ದದ್ದು ಪರೇಲಿನ ಗಿರಣಿಯ ಎದುರಿನ ಹೋಟೆಲಿನಲ್ಲಿ. ಗಿರಣಿಯ ಭೋಂಗಾ ಕೂಗುವುದಿಲ್ಲ, ಗಿರಾಕಿಗಳಿಲ್ಲ, ಧಣಿಗಳು ಅರ್ಧ ಸಂಬಳ ಎಂದಿದ್ದಾರೆ, ಈ ತಿಂಗಳ ಮನಿಆರ್ಡರ್ ಚಿಕ್ಕದು, ಸೊಸೈಟಿಯ ಕಂತಿಗೆ ದನ ಮಾರಬೇಡ, ಹೀಗೆಲ್ಲ ಇತ್ತು. ಹುಡುಗಿ ಕಣ್ಣು ಅರಳಿಸಿ ಕೇಳುತ್ತಿದ್ದಳು. ಎರಡನೆಯ ಪತ್ರ ಬಿಡಿಸಿ ನಾಲ್ಕು ಸಾಲು ಓದಿದವನು ನಿಲ್ಲಿಸಿಬಿಟ್ಟೆ. ಗಂಡನೊಬ್ಬ ಹೆಂಡತಿಗೆ ಮಾತ್ರ ಬರೆದ ಮಾತುಗಳವು. ನೆರೆಮನೆಯ ಮುದುಕ ಸೋಫಾದಲ್ಲಿ ಕೂತು ಗಟ್ಟಿಯಾಗಿ ಓದುವಂಥವಲ್ಲ.

"ಯಾಕೆ ನಿಲ್ಲಿಸಿದ್ರಿ ಅಂಕಲ್?"

"ಇದನ್ನು ನೀನೇ ಓದಬೇಕಮ್ಮಾ" ಎಂದೆ.

ಅವಳು ಬುದ್ಧಿವಂತೆ, ಹೆಚ್ಚು ಕೇಳಲಿಲ್ಲ. ಚೀಲ ತೆಗೆದುಕೊಂಡು ಹೋದಳು. ಮುಂದಿನ ಭಾನುವಾರ ಎರಡು ಗೆರೆಯ ನೋಟ್‌ಬುಕ್ಕಿನೊಂದಿಗೆ ಬಂದಳು. ಈಗ ನಾಲ್ಕು ತಿಂಗಳಾಯಿತು. ಕಾಗುಣಿತ ಮುಗಿದಿದೆ, ಒತ್ತಕ್ಷರದಲ್ಲಿ ತಡವರಿಸುತ್ತಾಳೆ, ಅಜ್ಜನ 'ಳ'ಕ್ಕೂ 'ಕ'ಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದು ರೇಗುತ್ತಾಳೆ. ಬೇರೆ ಪತ್ರಗಳನ್ನು ನನಗೆ ತೋರಿಸುವುದಿಲ್ಲ, ಗೊತ್ತಾಗದ ಒಂದೊಂದು ಪದವನ್ನು ಮಾತ್ರ ಚೀಟಿಯ ಮೇಲೆ ಹಾಗೆಯೇ ನಕಲು ಮಾಡಿಕೊಂಡು ಬಂದು ಕೇಳುತ್ತಾಳೆ. ಮೊನ್ನೆಯ ಚೀಟಿಯಲ್ಲಿದ್ದ ಪದ 'ಅಬ್ಬಲಿಗೆ'. ಅದು ಹೂವಿನ ಹೆಸರು, ನಮ್ಮ ಕಡೆ ಹೆಂಗಸರು ಮುಡಿಯುವ ಕೇಸರಿ ಬಣ್ಣದ್ದು, ಎಂದು ಹೇಳಿದೆ.

ಅವಳ ಭಾನುವಾರದ ಪಾಠಕ್ಕೆ ಈಗ ಇನ್ನಿಬ್ಬರು ಸೇರಿದ್ದಾರೆ. ಸಂಜೆ ಐದಕ್ಕೆ, ನಮ್ಮ ಕಟ್ಟಡದ ಸೊಸೈಟಿ ಆಫೀಸಿನಲ್ಲಿ. ಕುರ್ಚಿಗಳು ಇನ್ನೂ ನಾಲ್ಕು ಖಾಲಿ ಇವೆ.