ವಕೀಲರ ಆಫೀಸಿನ ವಿಮೆ ಮತ್ತು ಎರಡು ಎಕರೆ ಇಪ್ಪತ್ತು ಗುಂಟೆ

ಬಂಧುಗಳೇ, ಇದು ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ. ಪಿಟಿಸಿಎಲ್ ಕೇಸು ಇರೋ ಮನೆಯವರಂತೂ ಬಿಡದೆ ಓದಿ.

ನಾನು ದಾವಣಗೆರೆಯ ಒಂದು ವಕೀಲರ ಆಫೀಸಿನಲ್ಲಿ ಗುಮಾಸ್ತ ಅಂತ ನಿಮಗೆಲ್ಲ ಗೊತ್ತು. ಮನೆ ಹರಿಹರ, ದಿನಾ ಬಸ್ಸು. ಪ್ರತಿ ವರ್ಷ ಆಫೀಸಿನ ವಿಮೆ ನವೀಕರಣದ ಫಾರಂ ತುಂಬೋದು ನನ್ನ ಕೆಲಸ. ಎರಡು ಪಾಲಿಸಿ ಇದಾವೆ. ಒಂದು ಕಟ್ಟಡದೊಳಗಿನ ಸಾಮಾನಿಗೆ, ಅಂದರೆ ಕಂಪ್ಯೂಟರ್, ಜೆರಾಕ್ಸ್ ಮಷಿನ್, ಕಾನೂನು ಪುಸ್ತಕ. ಬೆಂಕಿ, ಪ್ರವಾಹಕ್ಕೆಲ್ಲ ಅದು ಆಗುತ್ತೆ. 2021ರ ಏಪ್ರಿಲ್‌ನಿಂದ ಐದು ಕೋಟಿಯೊಳಗಿನ ಆಸ್ತಿಗೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಅಂತ ಎಲ್ಲಾ ಕಂಪನಿಗಳಲ್ಲೂ ಒಂದೇ ನಮೂನೆಯ ಪಾಲಿಸಿ ಬಂದಿದೆ. ತುಂಗಭದ್ರೆ ಉಕ್ಕಿದಾಗಲೆಲ್ಲ ಗಂಗಾನಗರಕ್ಕೆ ನೀರು ನುಗ್ಗೋದನ್ನ ನೋಡಿದ ಹರಿಹರದವರಿಗೆ ಇದರ ಬೆಲೆ ಹೇಳಬೇಕಿಲ್ಲ.

ಎರಡನೆಯದೇ ಇವತ್ತಿನ ವಿಷಯ. ಪ್ರೊಫೆಷನಲ್ ಇಂಡೆಮ್ನಿಟಿ ಅಂತಾರೆ, ವೃತ್ತಿ ಹೊಣೆಯ ವಿಮೆ. ವಕೀಲರ ಮರೆವಿನಿಂದಲೋ ಅಜಾಗರೂಕತೆಯಿಂದಲೋ ಕಕ್ಷಿದಾರನಿಗೆ ನಷ್ಟ ಆಗಿ, ಅವನು ದಾವೆ ಹಾಕಿ ಗೆದ್ದರೆ, ಪರಿಹಾರವನ್ನ ವಿಮಾ ಕಂಪನಿ ಕೊಡುತ್ತೆ. ವಕೀಲರು ಕೋರ್ಟಿಗೆ ಅಲೆಯೋ ಖರ್ಚೂ ಅದರಲ್ಲೇ. ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾದಂಥ ಸರ್ಕಾರಿ ಕಂಪನಿಗಳಲ್ಲೇ ಸಿಗುತ್ತೆ.

ಎಷ್ಟಾಗುತ್ತೆ ಅಂತ ಕೇಳ್ತೀರಿ. ಎಲ್ಲರಿಗೂ ಒಂದೇ ರೇಟಿಲ್ಲ. ಎಷ್ಟು ಲಕ್ಷದ ಮಿತಿ ಬೇಕು, ವರ್ಷದ ಫೀಸು ಎಷ್ಟು ಬರುತ್ತೆ, ಜೂನಿಯರ್‌ಗಳು ಗುಮಾಸ್ತರು ಎಷ್ಟು ಜನ, ಹಿಂದೆ ಕ್ಲೇಮ್ ಆಗಿದೆಯಾ, ಎಂಥ ಕೆಲಸ ಹೆಚ್ಚು ಮಾಡ್ತಾರೆ, ಇಷ್ಟೆಲ್ಲ ನೋಡಿ ಕಂತು ಹಾಕ್ತಾರೆ. ಮಿತಿಯ ಒಂದು ಸಣ್ಣ ಪಾಲು ಅಷ್ಟೇ. ಲೆಕ್ಕಕ್ಕೆ ಅಂತ ಕಂತು 5,000 ಇಟ್ಕೊಳ್ಳಿ. 18% ಜಿಎಸ್‌ಟಿ 900. ಒಟ್ಟು 5,900. (2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ತೆಗೆದದ್ದು ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗೆ ಮಾತ್ರ, ಇದಕ್ಕಲ್ಲ.) ವರ್ಷಕ್ಕೆ ನೂರು ವಕಾಲತ್ತು ಹಾಕೋ ಆಫೀಸಾದರೆ ಒಂದು ಕೇಸಿಗೆ 59 ರೂಪಾಯಿ. ನಮ್ಮೂರಲ್ಲಿ ಒಂದು ಪ್ಲೇಟ್ ಬೆಣ್ಣೆ ದೋಸೆ ತಿನ್ನೋ ದುಡ್ಡು.

ಹಂಗಾದ್ರೆ ಎಲ್ಲರೂ ಯಾಕೆ ಮಾಡಿಸಲ್ಲ? ಕಡ್ಡಾಯ ಇಲ್ಲ, ಅದಕ್ಕೆ. ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆಫೀಸಿಗೆ ಕನಿಷ್ಠ 20 ಲಕ್ಷ ಪೌಂಡ್, ಕಂಪನಿ ರೂಪದ್ದಾದರೆ 30 ಲಕ್ಷ ಪೌಂಡ್ ವಿಮೆ ಇಲ್ಲದೆ ಬಾಗಿಲು ತೆಗೆಯೋ ಹಾಗಿಲ್ಲ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಖಾಸಗಿ ವಕೀಲರಿಗೆ 1978ರಿಂದಲೂ ಕಡ್ಡಾಯ. ನಮ್ಮಲ್ಲಿ ವಕೀಲರ ಇಷ್ಟ. ನಮ್ಮ ಆಫೀಸಿನವರು ಮಾಡಿಸಿದ್ದು ಯಾಕೆ ಅಂದ್ರೆ ಬ್ಯಾಂಕುಗಳ ಪ್ಯಾನೆಲ್‌ನಲ್ಲಿದಾರೆ. ಸಾಲ ಕೊಡೋಕೆ ಮುಂಚೆ ಪಹಣಿ, ಇಸಿ, ಕ್ರಯಪತ್ರ ನೋಡಿ ಅಭಿಪ್ರಾಯ ಬರೆದುಕೊಡ್ತಾರೆ. ಅದು ತಪ್ಪಾದರೆ ಬ್ಯಾಂಕು ಬಿಡಲ್ಲ. ಬ್ಯಾಂಕಿನ ಭಯಕ್ಕೆ ವಿಮೆ ಬಂತು.

ಈಗ ಆ ಅಜ್ಜಿ ವಿಷಯಕ್ಕೆ ಬರ್ತೀನಿ. ಹರಿಹರ ತಾಲ್ಲೂಕಿನ ಒಂದು ಹಳ್ಳಿ, ನಮ್ಮ ಕೇರಿಯವರೇ. ಗಂಡನ ಅಪ್ಪನಿಗೆ ಸರ್ಕಾರ ಮಂಜೂರು ಮಾಡಿದ್ದ ಎರಡು ಎಕರೆ ಇಪ್ಪತ್ತು ಗುಂಟೆ. ಭದ್ರಾ ನಾಲೆ ನೀರು ಬಂದ ಮೇಲೆ ಯಾರ ಕಣ್ಣು ಬಿತ್ತು, ಹೆಂಗೆ ಬರೆಸಿಕೊಂಡರು ಅನ್ನೋದು ನಿಮಗೆ ಹೊಸ ಕಥೆಯಲ್ಲ. 1978ರ ಕಾಯ್ದೆ ಪ್ರಕಾರ ಎ.ಸಿ. ಕೋರ್ಟಿಗೆ ಅರ್ಜಿ ಹಾಕಿದ್ರು, ಆದೇಶ ವಿರುದ್ಧ ಬಂತು. 5ಎ ಕಲಂ ಪ್ರಕಾರ ಆದೇಶ ತಿಳಿದ ಮೂರು ತಿಂಗಳೊಳಗೆ ಡಿ.ಸಿ.ಗೆ ಮೇಲ್ಮನವಿ ಹಾಕಬೇಕು. ಅವರ ವಕೀಲರು (ನಮ್ಮ ಆಫೀಸಿನವರಲ್ಲ, ಹೆಸರು ಬೇಡ) 'ಹಾಕೀನಿ, ಡೇಟ್ ಬಂದಾಗ ಹೇಳಿ ಕಳಿಸ್ತೀನಿ' ಅಂದ್ರು. ಅಜ್ಜಿ ಕುರಿ ಮಾರಿ ಫೀಸು ಕೊಟ್ಟಿದ್ಲು. ಹದಿನಾಲ್ಕು ತಿಂಗಳು ಕಾದಳು. ನಾನೇ ಡಿ.ಸಿ. ಆಫೀಸಿಗೆ ಹೋಗಿ ವಿಚಾರಿಸಿದೆ. ಆ ಹೆಸರಲ್ಲಿ ಮೇಲ್ಮನವಿನೇ ಇಲ್ಲ.

'ತಮ್ಮಾ, ಡಾಕ್ಟ್ರು ತಪ್ಪು ಮಾಡಿದ್ರೆ ಕೇಸು ಹಾಕ್ತಾರಲ್ಲ, ಇವರ ಮೇಲೆ ಹಾಕಂಗಿಲ್ಲೇನು?' ಅಂತ ಕೇಳಿದ್ಲು. ಓದು ಬರಹ ಬರದ ಆ ತಾಯಿ ಕೇಳಿದ ಪ್ರಶ್ನೆನೇ ಸುಪ್ರೀಂ ಕೋರ್ಟಿನಲ್ಲಿ ವರ್ಷಾನುಗಟ್ಟಲೆ ಇತ್ತು. ಡಾಕ್ಟರುಗಳು ಗ್ರಾಹಕ ಕಾಯ್ದೆಯೊಳಗೆ ಬರ್ತಾರೆ ಅಂತ 1995ರಲ್ಲೇ ತೀರ್ಪಾಗಿದೆ. ವಕೀಲರೂ ಬರ್ತಾರೆ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2007ರಲ್ಲಿ ಹೇಳಿತು. 2024ರ ಮೇ 14ರಂದು ಸುಪ್ರೀಂ ಕೋರ್ಟು ಅದನ್ನ ತಳ್ಳಿಹಾಕಿತು. ವಕೀಲಿಕೆ ವ್ಯಾಪಾರ ಅಲ್ಲ, ವೃತ್ತಿ, ಆದ್ದರಿಂದ ಗ್ರಾಹಕ ವೇದಿಕೆಗೆ ಹೋಗೋ ಹಾಗಿಲ್ಲ ಅಂತ.

ಅಂದ್ರೆ ಹೊಣೆಯೇ ಇಲ್ಲ ಅಂತಲ್ಲ. 1926ರ ವಕೀಲರ ಶುಲ್ಕದ ಕಾಯ್ದೆಯ 5ನೇ ಕಲಂ, ಅಜಾಗರೂಕತೆಗೆ ವಕೀಲರ ಮೇಲೆ ದಾವೆ ಹಾಕಬಹುದು ಅಂತ ಈಗಲೂ ಹೇಳುತ್ತೆ. ಆದರೆ ಸಿವಿಲ್ ಕೋರ್ಟಿಗೆ ಹೋಗಬೇಕು. ಅದೇ ಆವರಣದಲ್ಲಿ ಕೂತಿರೋ ಇನ್ನೊಬ್ಬ ವಕೀಲರು ಇವರ ಮೇಲೆ ವಕಾಲತ್ತು ಹಿಡಿಯಬೇಕು. ನಾಲ್ಕು ಜನರನ್ನ ಕೇಳಿದೆವು. ಒಬ್ಬರು ಚಹಾ ಕುಡಿಸಿ ಕಳಿಸಿದ್ರು. ಬಾರ್ ಕೌನ್ಸಿಲ್‌ಗೆ ದೂರು ಕೊಡಬಹುದು, ಸನದು ಹೋಗಬಹುದು. ಸನದು ಹೋದ್ರೆ ಅಜ್ಜಿಗೆ ಜಮೀನಿನ ಬೆಲೆ ಬರುತ್ತಾ?

ಇಲ್ಲೇ ವಿಮೆ ಬೇಕಾಗೋದು. ವಿಮೆ ಇದ್ದಿದ್ದರೆ ವಕೀಲರು ಹೆದರಿ ಸುಳ್ಳು ಹೇಳೋ ಬದಲು 'ಮರೆತೆ ಅಮ್ಮಾ' ಅಂತ ಒಪ್ಕೊಳ್ಳೋಕೆ ಒಂದು ದಾರಿ ಇರ್ತಿತ್ತು. ಪಾಲಿಸಿಯ ಷರತ್ತೇ ಹಂಗಿದೆ ನೋಡ್ರಿ. ಮರೆವಿಗೆ ಪರಿಹಾರ ಉಂಟು, ಮೋಸಕ್ಕೆ ಇಲ್ಲ. ಜತೆಗೆ ಕ್ಲೇಮ್ ಬರೋ ದಿನ ಪಾಲಿಸಿ ಚಾಲ್ತಿಯಲ್ಲಿರಬೇಕು. ಒಂದು ವರ್ಷ ಕಟ್ಟಿ ಬಿಟ್ರೆ ಹಳೇ ತಪ್ಪಿಗೆ ರಕ್ಷಣೆ ಇಲ್ಲ.

ವಕೀಲರ ಮೇಲೆ ನನಗೆ ದ್ವೇಷ ಇಲ್ಲ. ಬಾಬಾಸಾಹೇಬರೂ ವಕೀಲರೇ. ವಕೀಲರಿಗೆ ಅಂತ 1983ರ ಕಲ್ಯಾಣ ನಿಧಿ ಕಾಯ್ದೆ ಇದೆ, ಬೇಕಾದದ್ದೇ. ಆದರೆ ಆ ನಿಧಿಗೆ ವಕಾಲತ್ತಿನ ಮೇಲೆ ಅಂಟಿಸೋ ಸ್ಟಾಂಪಿನ ದುಡ್ಡು ಕಕ್ಷಿದಾರನ ಜೇಬಿಂದಲೇ ಹೋಗೋದು. ಅದರ ಜೊತೆಗೇ ಕಕ್ಷಿದಾರನ ನಷ್ಟಕ್ಕೂ ಒಂದು ಗುಂಪು ವಿಮೆ ಮಾಡಿಸಿದರೆ ಏನು ಕಷ್ಟ? ವಕೀಲರ ಸಂಘಗಳು ಮನಸ್ಸು ಮಾಡಿದರೆ ಒಬ್ಬೊಬ್ಬರು ಕೊಡೋದಕ್ಕಿಂತ ಕಡಿಮೆಗೇ ಆಗುತ್ತೆ. ಇನ್ನು ಗುಮಾಸ್ತರಾದ ನಮ್ಮ ಕಥೆ ಬಿಡಿ. ವಕೀಲರ ಕಚೇರಿ 'ವಾಣಿಜ್ಯ ಸಂಸ್ಥೆ' ಅಲ್ಲ ಅಂತ ಕೇರಳದ ಒಬ್ಬ ಗುಮಾಸ್ತನ ಕೇಸಿನಲ್ಲಿ 1984ರಲ್ಲೇ ಸುಪ್ರೀಂ ಕೋರ್ಟು ಹೇಳಿಬಿಟ್ಟಿದೆ. ಅದನ್ನ ಇನ್ನೊಂದಿನ ಬರೀತೀನಿ.

ಅಜ್ಜಿ ಕೇಸಿನಲ್ಲಿ ತಡಕ್ಕೆ ಕಾರಣ ತೋರಿಸಿ ಬೇರೆ ವಕೀಲರಿಂದ ಮೇಲ್ಮನವಿ ಹಾಕಿಸಿದೀವಿ. ವಿಚಾರಣೆ ನಡೀತಿದೆ.

2023ರ ತಿದ್ದುಪಡಿಯಿಂದ ಕಾಲಮಿತಿನೇ ಇಲ್ಲ ಅಂತ ಸುಮ್ಮನೆ ಕೂರಬೇಡಿ. ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತು ತಂದ ತಿದ್ದುಪಡಿ ಅದು. ಆದರೆ ಅದು ಮೊದಲ ಅರ್ಜಿಗೆ, ಮೇಲ್ಮನವಿಯ ಮೂರು ತಿಂಗಳು ಹಂಗೇ ಇದೆ. ಆದೇಶದ ನಕಲು ಕೈಗೆ ಬಂದ ತಾರೀಖು ಬರೆದಿಟ್ಕೊಳ್ಳಿ. ವಕೀಲರ ಹತ್ರ ಮೇಲ್ಮನವಿ ನಂಬರ್ ಕೇಳಿ, 'ಹಾಕೀನಿ' ಅನ್ನೋ ಮಾತು ಸಾಲದು. ನಂಬರ್ ಇದ್ರೆ ಕಂದಾಯ ಇಲಾಖೆಯ ಆರ್‌ಸಿಸಿಎಂಎಸ್ ಜಾಲತಾಣದಲ್ಲಿ ಮೊಬೈಲಿನಲ್ಲೇ ನೋಡಬಹುದು. ಫೀಸಿಗೆ ದುಡ್ಡಿಲ್ಲದಿದ್ರೆ ಎಸ್‌ಸಿ, ಎಸ್‌ಟಿಯವರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗ್ತಾರೆ. ನೋಡೋಕೆ ಬರದಿದ್ರೆ ಕಾಗದ ತಗೊಂಡು ಬನ್ನಿ. ಭಾನುವಾರ ಹರಿಹರದಲ್ಲೇ ಇರ್ತೀನಿ.