ನಲವತ್ತೆಂಟು ಲಕ್ಷದ ಕಾರು, ಬೆಳ್ಳಟ್ಟಿಯ ದಾರಿ

ನಮ್ಮ ಕಡೆ ದನದ ಸಂತೆಯಲ್ಲಿ ಎತ್ತು ಕೊಳ್ಳುವ ರೈತನನ್ನು ನೀವು ನೋಡಿರಬಹುದು. ಮೊದಲು ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ. ಸುಳಿ ನೋಡುತ್ತಾನೆ, ಗೊರಸು ಮುಟ್ಟುತ್ತಾನೆ. ಹತ್ತು ಹೆಜ್ಜೆ ನಡೆಸಿ, ಸಾಧ್ಯವಾದರೆ ನೊಗಕ್ಕೆ ಹೂಡಿಸಿಯೂ ನೋಡುತ್ತಾನೆ. ಇಷ್ಟೆಲ್ಲ ಆದ ಮೇಲೆಯೇ ಟವೆಲ್ಲಿನ ಕೆಳಗೆ ದಲ್ಲಾಳಿಯ ಬೆರಳು ಹಿಡಿದು ಬೆಲೆಯ ಮಾತು. ಇದೇ ಕೆಲಸಕ್ಕೆ ಪಟ್ಟಣದ ಕಾರಿನ ಶೋರೂಮಿನಲ್ಲಿ ‘ಟೆಸ್ಟ್ ಡ್ರೈವ್’ ಎನ್ನುತ್ತಾರೆ. ವ್ಯತ್ಯಾಸ ಇಷ್ಟೇ. ಎತ್ತಿನ ಪರೀಕ್ಷೆಯಲ್ಲಿ ಕೊಳ್ಳುವವನು ಪರೀಕ್ಷಕ. ಕಾರಿನ ಪರೀಕ್ಷೆಯಲ್ಲಿ ದಾರಿ ಆರಿಸುವವನು ಮಾರುವವನು, ಪ್ರಶ್ನೆಪತ್ರಿಕೆಯೂ ಅವನದೇ.

ಬೆಳ್ಳಟ್ಟಿ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಊರು. ಒಂದು ಕಡೆ ಕಪ್ಪತಗುಡ್ಡದ ಸಾಲು, ಇನ್ನೊಂದು ಕಡೆ ದೂರದಲ್ಲಿ ತುಂಗಭದ್ರೆ. ಇಲ್ಲಿನ ಎರಿ ಮಣ್ಣು ಬೆಳೆಗೆ ಬಂಗಾರ, ರಸ್ತೆಗೆ ಶತ್ರು. ಈ ಮಣ್ಣಿನ ಜೇಡಿಯ ಕಣಗಳು ಪದರುಪದರಾಗಿರುತ್ತವೆ. ಮಳೆ ಬಂದಾಗ ಪದರುಗಳ ನಡುವೆ ನೀರು ಸೇರಿ ನೆಲ ಉಬ್ಬುತ್ತದೆ. ಬೇಸಿಗೆಯಲ್ಲಿ ಆ ನೀರು ಆರಿ, ಕೈ ತೂರಿಸುವಷ್ಟು ಬಿರುಕು ಬಿಡುತ್ತದೆ. ಮೇಲೆ ಹಾಸಿದ ಡಾಂಬರು ಈ ಉಸಿರಾಟವನ್ನು ಎಷ್ಟು ವರ್ಷ ತಾಳೀತು? ನಮ್ಮ ರಸ್ತೆಗಳು ಅಲೆಅಲೆಯಾಗಿ ಕಾಣುವುದಕ್ಕೆ ಗುತ್ತಿಗೆದಾರನೊಬ್ಬನೇ ಕಾರಣನಲ್ಲ. ನೆಲದ ಗುಣವೂ ಪಾಲುದಾರ.

ಇಂಥ ಊರಿಗೆ ಒಂದು ಐಷಾರಾಮಿ ಕಾರು ತರಬೇಕೆಂದು ಹೊರಟವನು ನನ್ನ ಹಳೆಯ ವಿದ್ಯಾರ್ಥಿ. ಈಗ ಬೆಂಗಳೂರಿನಲ್ಲಿ ಒಳ್ಳೆಯ ನೌಕರಿಯಲ್ಲಿದ್ದಾನೆ. ತಂದೆ ಇಲ್ಲ. ತಾಯಿ ಊರು ಬಿಟ್ಟು ಬರಲು ಒಪ್ಪುವುದಿಲ್ಲ. ಎರಡೂ ಮೊಳಕಾಲು ಸವೆದು, ತಿಂಗಳಿಗೊಮ್ಮೆ ಹುಬ್ಬಳ್ಳಿಯ ಡಾಕ್ಟರರ ಬಳಿ ಹೋಗಬೇಕು. ಹೆಚ್ಚು ಕಡಿಮೆ ಎರಡು ತಾಸಿನ ದಾರಿ. ಬಸ್ಸಿನ ಮೆಟ್ಟಿಲು ಹತ್ತಲಾರದೆ ಅವರು ಕಂಬ ಹಿಡಿದು ನಿಂತದ್ದನ್ನು ಮಗ ಒಮ್ಮೆ ಕಣ್ಣಾರೆ ನೋಡಿದ. ಅಂದಿನಿಂದ ಅವನಿಗೆ ಒಂದೇ ಹಟ. “ಸರ, ಅವ್ವಗ ಇನ್ ಮ್ಯಾಲೆ ಬಸ್ಸು ಬ್ಯಾಡ. ಗಾಡಿ ತರ್ತೀನಿ, ಚಲೋದ ತರ್ತೀನಿ. ನೀವೂ ನೋಡಾಕ ಬರ್ರಿ” ಎಂದ. ತಾಯಿಯನ್ನೂ ಕರೆದುಕೊಂಡು ಹೋಗೋಣ ಎಂದು ನಾನು ಹೇಳಿದೆ.

ಊರಿನ ಬಾಡಿಗೆ ಬೊಲೆರೊದಲ್ಲಿ ಮೂವರೂ ಹೊರಟೆವು. ಫಕೀರೇಶ್ವರ ಮಠದ ಶಿರಹಟ್ಟಿ ದಾಟಿದರೆ ಲಕ್ಷ್ಮೇಶ್ವರ. ಇದೇ ಹಳೆಯ ಪುಲಿಗೆರೆ. ಇಲ್ಲಿನ ತಿರುಳ್ಗನ್ನಡವನ್ನು ಪಂಪ ಹೆಮ್ಮೆಯಿಂದ ನೆನೆದಿದ್ದಾನೆ. ಸೋಮೇಶ್ವರ ಗುಡಿಯ ಊರು. ಮುಂದೆ ಕುಂದಗೋಳ, ಭೀಮಸೇನ ಜೋಶಿ ಮತ್ತು ಗಂಗೂಬಾಯಿ ಹಾನಗಲ್ಲರ ಗುರು ಸವಾಯಿ ಗಂಧರ್ವರ ಊರು. ಇಷ್ಟು ದೊಡ್ಡ ಹೆಸರುಗಳ ನಡುವೆ ಹಾಯುವ ದಾರಿಯಲ್ಲಿ ನಮ್ಮ ಅಕ್ಕಾರು ಮಾತ್ರ ಹಿಡಿಕೆಯನ್ನು ಎರಡೂ ಕೈಯಿಂದ ಬಿಗಿಹಿಡಿದು, ಮುಂದಿನ ತಗ್ಗು ಎಲ್ಲಿದೆ ಎಂದೇ ನೋಡುತ್ತಿದ್ದರು.

ಶೋರೂಮಿನಲ್ಲಿ ನಿಂತಿದ್ದದ್ದು ಹೊಸ ಕ್ಯಾಮ್ರಿ. 2024ರ ಡಿಸೆಂಬರಿನಲ್ಲಿ ಭಾರತದಲ್ಲಿ ಬಿಡುಗಡೆಯಾದಾಗ ಇದರ ಶೋರೂಮ್ ಬೆಲೆ 48 ಲಕ್ಷ ರೂಪಾಯಿ. ಜಪಾನಿನ ಹೆಸರಿದ್ದರೂ ಜೋಡಣೆ ನಮ್ಮ ಬಿಡದಿಯಲ್ಲಿ. ಟೊಯೊಟಾ ಮತ್ತು ಕಿರ್ಲೋಸ್ಕರ್ ಸೇರಿ ಅಲ್ಲಿನ ಕಂಪನಿ ಕಟ್ಟಿದ್ದು 1997ರಲ್ಲಿ. ಅದೇ ವರ್ಷ ನಮ್ಮ ಗದಗ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಯಿತು. ಪೆಟ್ರೋಲು ಮತ್ತು ವಿದ್ಯುತ್ ಎರಡರಿಂದಲೂ ಓಡುವ ಪ್ರಿಯಸ್ ಕಾರು ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದೂ ಅದೇ ವರ್ಷದ ಡಿಸೆಂಬರಿನಲ್ಲಿ. ಈ ಕ್ಯಾಮ್ರಿ ಅದೇ ಜಾತಿಯ ‘ಹೈಬ್ರಿಡ್’.

ಕಿರ್ಲೋಸ್ಕರ್ ಎಂಬ ಹೆಸರು ನಮ್ಮ ರೈತರಿಗೆ ಕಾರಿಗಿಂತ ಬಹಳ ಮೊದಲೇ ಪರಿಚಿತ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. ಮುಂದೆ ಕಬ್ಬಿಣದ ನೇಗಿಲು ಮಾಡಿದವರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವಾದೀತು ಎಂದು ರೈತರು ಹೆದರಿದ್ದರಿಂದ ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಬೇಕಾಯಿತಂತೆ. ಹೊಸ ಯಂತ್ರ ಎಷ್ಟೇ ಒಳ್ಳೆಯದಿರಲಿ, ತನ್ನ ಹೊಲದಲ್ಲಿ ಅದು ನಡೆಯುತ್ತದೆಯೇ ಎಂದು ಕೇಳುವ ಹಕ್ಕು ರೈತನಿಗೆ ಇದ್ದೇ ಇತ್ತು.

ಚಾಲಕನ ಸೀಟಿನಲ್ಲಿ ಮಗ, ಪಕ್ಕದಲ್ಲಿ ಶೋರೂಮಿನ ಹುಡುಗ, ಹಿಂದೆ ಅಕ್ಕಾರು ಮತ್ತು ನಾನು. ಗುಂಡಿ ಒತ್ತಿದ. ಸದ್ದಿಲ್ಲ.

“ಇನ್ನೂ ಚಾಲೂನ ಆಗಿಲ್ಲಲ್ಲೋ?” ಎಂದರು ಅಕ್ಕಾರು.

“ಚಾಲೂ ಆಗೇತ್ರಿ ಅಮ್ಮಾರ, ಹೊಂಟೀವ್ರಿ” ಎಂದ ಹುಡುಗ. ಕಾರು ನಿಜವಾಗಿಯೂ ಹೊರಟಿತ್ತು!

ಇದರಲ್ಲಿ ಮಾಯೆ ಏನೂ ಇಲ್ಲ. ಎರಡೂವರೆ ಲೀಟರಿನ ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರು, ಲಿಥಿಯಂ ಬ್ಯಾಟರಿ ಇವೆ. ನಿಧಾನವಾಗಿ ಹೊರಡುವಾಗ ಮೋಟಾರೇ ಸಾಕು. ನಿಜವಾದ ಚಮತ್ಕಾರ ಬ್ರೇಕಿನದು. ನಾವು ನಾಲ್ವರು ಕುಳಿತ ಕಾರಿನ ತೂಕ 1,800 ಕಿಲೊ ಎಂದಿಟ್ಟುಕೊಳ್ಳಿ. ಗಂಟೆಗೆ 60 ಕಿಲೊಮೀಟರ್ ವೇಗದಲ್ಲಿ ಅದರ ಚಲನಶಕ್ತಿ ಸುಮಾರು ಎರಡೂವರೆ ಲಕ್ಷ ಜೂಲ್. ಅಷ್ಟು ಶಕ್ತಿಯಲ್ಲಿ ಇದೇ ಕಾರನ್ನು ಹದಿನಾಲ್ಕು ಮೀಟರ್, ಅಂದರೆ ನಾಲ್ಕು ಅಂತಸ್ತಿನ ಎತ್ತರಕ್ಕೆ ಎತ್ತಬಹುದು. ಸಾಮಾನ್ಯ ಕಾರಿನಲ್ಲಿ ಬ್ರೇಕ್ ಹಾಕಿದರೆ ಇದೆಲ್ಲ ಶಾಖವಾಗಿ ಗಾಳಿಗೆ ಹೋಗುತ್ತದೆ. ಇಲ್ಲಿ ಗಾಲಿಗಳು ಮೋಟಾರನ್ನು ತಿರುಗಿಸುತ್ತವೆ. ಮೋಟಾರು ಜನರೇಟರ್ ಆಗಿ ಆ ಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಲೀಟರಿಗೆ 25 ಕಿಲೊಮೀಟರಿಗೂ ಹೆಚ್ಚು ಎಂದು ಕಂಪನಿ ಹೇಳುವ ಮೈಲೇಜಿನ ಗುಟ್ಟು ಇರುವುದು ಇಲ್ಲೇ.

ಹುಡುಗ ತೋರಿಸಿದ ದಾರಿ ಅಗಲವಾದದ್ದು, ನುಣುಪಾದದ್ದು. ಕಾರು ನೀರಿನ ಮೇಲಿನ ದೋಣಿಯಂತೆ ಹೋಯಿತು. ಮಗನ ಮುಖ ಅರಳಿತು. ನಾನು ಮೆಲ್ಲಗೆ, “ಒಂದೀಟು ಹಳ್ಳಿ ದಾರಿಗೆ ಹೊಳ್ಳಸೋಣೇನಪಾ?” ಎಂದು ಕೇಳಿದೆ. ಹುಡುಗ ಒಳ್ಳೆಯವನು, ಒಪ್ಪಿದ.

ಒಳದಾರಿಯ ಮೊದಲ ಉಬ್ಬು ಬಂದಿತು. ರಸ್ತೆಯ ಉಬ್ಬಿಗೂ ನಮ್ಮ ದೇಶದಲ್ಲಿ ಅಳತೆ ಉಂಟು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಎತ್ತರ ಹತ್ತು ಸೆಂಟಿಮೀಟರ್, ಅಗಲ 3.7 ಮೀಟರ್. ಹಳ್ಳಿಯ ಉಬ್ಬು ಇದನ್ನು ಓದಿಲ್ಲ. ಎಮ್ಮೆಯ ಬೆನ್ನಿನಂತೆ ಕಿರಿದು, ಎತ್ತರ. ಸೆಡಾನಿನ ಹೊಟ್ಟೆ ನೆಲದಿಂದ ಒಂದು ಗೇಣಿಗಿಂತ ಕಡಿಮೆ. ಈ ಕಾರಿನ ಮುಂದಿನ, ಹಿಂದಿನ ಗಾಲಿಗಳ ನಡುವಿನ ಅಂತರವೋ 2.8 ಮೀಟರ್. ಮುಂದಿನ ಗಾಲಿ ದಾಟಿ ಹಿಂದಿನದು ಇನ್ನೂ ಬರುವ ಮೊದಲು ಉಬ್ಬು ಸರಿಯಾಗಿ ಹೊಟ್ಟೆಯ ಕೆಳಗೆ ಬರುತ್ತದೆ. ಹುಡುಗ ಕಾರನ್ನು ಓರೆಯಾಗಿ, ಒಂದೊಂದೇ ಗಾಲಿ ಹತ್ತಿಸಿ ದಾಟಿಸಲು ಹೇಳಿಕೊಟ್ಟ. ಏನೂ ತಾಗಲಿಲ್ಲ. ಬೆಳ್ಳಟ್ಟಿಯಿಂದ ಹುಬ್ಬಳ್ಳಿಯವರೆಗೆ ಪ್ರತಿ ಉಬ್ಬಿಗೂ ಹೀಗೆ ಮಾಡುವ ಲೆಕ್ಕವನ್ನು ಮಗ ಮನಸ್ಸಿನಲ್ಲೇ ಹಾಕುತ್ತಿದ್ದನೆಂದು ಕಾಣುತ್ತದೆ, ಮಾತು ನಿಂತಿತ್ತು.

ನಿಜವಾದ ಫಲಿತಾಂಶ ಬಂದದ್ದು ಶೋರೂಮಿಗೆ ಮರಳಿ ಇಳಿಯುವಾಗ. ಸೀಟು ಮೊಳಕಾಲಿಗಿಂತ ಕೆಳಗಿದ್ದರೆ, ಏಳುವಾಗ ದೇಹದ ಭಾರ ಮೊಳಕಾಲಿನ ಹಿಂದಕ್ಕೆ ಬೀಳುತ್ತದೆ. ಸನ್ನೆಗೋಲಿನ ನಿಯಮದಂತೆ ಅದನ್ನೆತ್ತುವ ಹೊರೆಯೆಲ್ಲ ಸವೆದ ಕೀಲಿನ ಮೇಲೆ. ಅಕ್ಕಾರು ಎರಡು ಸಲ ಎದ್ದು ಎರಡು ಸಲ ಕುಳಿತರು. ಮೂರನೆಯ ಸಲ ಮಗ ಕೈ ಕೊಟ್ಟ. ನಿಂತು ಸೀರೆ ಸರಿಪಡಿಸಿಕೊಂಡು ಅವರು ಹೇಳಿದರು:

“ಆ ಬೊಲೆರೊ ಗುಡ್ಡ ಹತ್ತಿದಂಗ, ಇದು ಬಾವ್ಯಾಗ ಇಳದಂಗ. ನಡಬರಕಿಂದು ಒಂದೂ ಇಲ್ಲೇನೋ ತಮ್ಮಾ?”

ಇದು ಕಾರಿನ ದೋಷವಲ್ಲ. ನುಣುಪು ಹೆದ್ದಾರಿಯಲ್ಲಿ ವೇಗವಾಗಿ, ಸ್ಥಿರವಾಗಿ ಹೋಗಲೆಂದು ಸೆಡಾನನ್ನು ತಗ್ಗಾಗಿಯೇ ಮಾಡುತ್ತಾರೆ. ಗುರುತ್ವಕೇಂದ್ರ ಕೆಳಗಿದ್ದಷ್ಟೂ ತಿರುವಿನಲ್ಲಿ ವಾಲುವುದು ಕಡಿಮೆ. ಕುದುರೆ ಒಳ್ಳೆಯದೇ, ಹೊಲ ಬೇರೆ.

ನಾವು ತರಗತಿಯಲ್ಲಿ ಮಕ್ಕಳಿಗೆ ಹೇಳುವುದು ಇದನ್ನೇ. ಯಾವ ಸ್ಥಿತಿಯಲ್ಲಿ ಬಳಸುತ್ತೀರೋ ಆ ಸ್ಥಿತಿಯಲ್ಲಿ ಮಾಡಿದ್ದೇ ಪ್ರಯೋಗ. ಕಾರು ಕೊಳ್ಳುವ ಓದುಗರು ಓಡಿಸುವವನನ್ನು ಮಾತ್ರವಲ್ಲ, ಕೂರುವವರನ್ನೂ ಕರೆದುಕೊಂಡು ಹೋಗಲಿ. ಮನೆಯ ಹಿರಿಯರು ಮೂರು ಸಲ ಹತ್ತಿ ಇಳಿಯಲಿ. ಹಿಂದಿನ ಸೀಟಿನಲ್ಲಿ ಮೂವರು ಕುಳಿತು, ಡಿಕ್ಕಿಯಲ್ಲಿ ಚೀಲವಿಟ್ಟು ಉಬ್ಬು ದಾಟಿಸಿ ನೋಡಿ. ಭಾರಕ್ಕೆ ಕಾರು ಇನ್ನೂ ತಗ್ಗುತ್ತದೆ. ಸಾಧ್ಯವಾದರೆ ಕತ್ತಲಾದ ಮೇಲೂ ಒಮ್ಮೆ ಓಡಿಸಿ. ಒಳ್ಳೆಯ ಅಂಗಡಿಯವರು ಇದಕ್ಕೆ ಬೇಸರಿಸುವುದಿಲ್ಲ.

ಮಗ ಅಂದು ಮುಂಗಡ ಕೊಡಲಿಲ್ಲ. ಬೆಂಗಳೂರಿಗೆ ಹೋಗುವ ಮೊದಲು ತಾಯಿಯನ್ನು ಅವರಿಗೆ ಒಗ್ಗಿದ ಕಟ್ಟೆಯ ಮೇಲೆ ಕೂರಿಸಿ, ನನ್ನ ಅಳತೆಪಟ್ಟಿಯಿಂದ ನೆಲದಿಂದ ಕಟ್ಟೆಯ ಎತ್ತರ ಅಳೆದುಕೊಂಡ. ಆ ಅಂಕಿ ಹಿಡಿದು ಎರಡು ತಿಂಗಳು ಶೋರೂಮುಗಳನ್ನು ತಿರುಗಿ, ಅರ್ಧಕ್ಕಿಂತ ಕಡಿಮೆ ಬೆಲೆಯ, ಸೀಟು ನಡುಎತ್ತರದ ಒಂದು ಗಾಡಿ ತಂದ. ಓಡಿಸಲು ಊರಿನ ಹುಡುಗನೊಬ್ಬ ಸಿಕ್ಕಿದ್ದಾನೆ. ಈಗ ತಿಂಗಳಿಗೊಮ್ಮೆ ಅದು ಹುಬ್ಬಳ್ಳಿಗೆ ಹೊರಟಾಗ ಹಿಂದಿನ ಸೀಟಿನಲ್ಲಿ ಅಕ್ಕಾರ ಜೊತೆ ಓಣಿಯ ಇನ್ನಿಬ್ಬರು ಮೊಳಕಾಲು ನೋವಿನವರೂ ಇರುತ್ತಾರೆ.